ಎಣ್ಣೆಯ ಆಯುಷ್ಯವನ್ನು ಎಣಿಸುವವರು

ಮೋಟಾರು ಎಂಜಿನ್ನಿಗೆ ಹಾಕಿದ ಎಣ್ಣೆ ಎಷ್ಟು ಕಾಲ ಬಾಳುತ್ತದೆ ಎಂದು ಹೇಳುವ ಅಧಿಕಾರ ಕಳೆದ ನೂರು ವರ್ಷಗಳಲ್ಲಿ ಹಲವು ಕೈ ಬದಲಾಯಿಸಿದೆ. ಮೊದಲು ಅದು ಗಾಡಿಯ ಒಡೆಯನದಾಗಿತ್ತು. ಆಮೇಲೆ ಕಾರ್ಖಾನೆಯವರ ಪುಸ್ತಕಕ್ಕೂ ಗ್ಯಾರೇಜಿನವರ ಬಾಯಿಗೂ ಬಂತು. ಈಗ ಅನೇಕ ಕಾರುಗಳಲ್ಲಿ ಚಾಲಕನ ಕಣ್ಣೆದುರಿನ ಫಲಕವೇ ‘ಎಣ್ಣೆಯ ಆಯುಷ್ಯ ಶೇಕಡ 40’ ಎಂದು ಅಂಕಿ ತೋರಿಸುತ್ತದೆ. ಈ ಅಂಕಿಯನ್ನು ನಂಬಬಹುದೆ? ನಂಬಿ ಎಂಜಿನ್ ಕೆಟ್ಟರೆ ದೊಡ್ಡ ಗಂಟಿಗೇ ಸಂಚಕಾರ. ನಂಬದೆ, ಚೆನ್ನಾಗಿರುವ ಎಣ್ಣೆಯನ್ನೇ ಮತ್ತೆ ಮತ್ತೆ ಸುರಿಸಿದರೆ ದುಡ್ಡೂ ದಂಡ, ನೆಲಜಲಗಳಿಗೂ ಕೇಡು. ಅಂಕಿ ಹುಟ್ಟಿದ ಬಗೆಯನ್ನು ತಿಳಿದರೆ ಅದನ್ನು ಎಷ್ಟು ನಂಬಬೇಕೆಂಬುದೂ ತಿಳಿದೀತೆಂದು ನನ್ನ ಎಣಿಕೆ. ಈ ಕಥೆಯ ಬಹುಪಾಲು ನಡೆದದ್ದು ಅಮೆರಿಕದಲ್ಲಿ. ಆದ್ದರಿಂದ ವಾಚಕರು ನನ್ನೊಡನೆ ಅಷ್ಟು ದೂರ ಬರಬೇಕು.

1908ರಿಂದ 1927ರವರೆಗೆ ಫೋರ್ಡ್ ಕಂಪನಿ ‘ಮಾಡೆಲ್ ಟಿ’ ಎಂಬ ಒಂದೂವರೆ ಕೋಟಿ ಕಾರುಗಳನ್ನು ಮಾಡಿ ಮಾರಿತು. ಅದರ ಎಂಜಿನ್ನಿಗೆ ಎಣ್ಣೆಯ ಪಂಪೂ ಇರಲಿಲ್ಲ, ಎಣ್ಣೆಯ ಮಟ್ಟ ತೋರಿಸುವ ಮುಳ್ಳೂ ಇರಲಿಲ್ಲ. ತಿರುಗುವ ಚಕ್ರ ಎಣ್ಣೆಯನ್ನು ಎರಚುತ್ತಿತ್ತು. ಅದು ಬಿದ್ದಲ್ಲಿ ಬೀಳುತ್ತಿತ್ತು. ಎಂಜಿನ್ನಿನ ಕೆಳಗೆ ಒಂದರ ಮೇಲೊಂದು ಎರಡು ಸಣ್ಣ ನಲ್ಲಿಗಳು. ಒಡೆಯನು ಗಾಡಿಯ ಅಡಿಗೆ ಕೈಹಾಕಿ ಅವುಗಳನ್ನು ತಿರುಗಿಸಿ, ಎಣ್ಣೆಯ ಮಟ್ಟ ಅವೆರಡರ ನಡುವೆ ಇದೆಯೇ ಎಂದು ನೋಡಿಕೊಳ್ಳಬೇಕು. ಕೆಲಸ ಕೊಳಕಿನದು, ನಿಜ. ಆದರೆ ಅವನು ನೋಡುತ್ತಿದ್ದದ್ದು ಎಣ್ಣೆಯನ್ನೇ ಎಂಬುದನ್ನು ನಾವು ಮರೆಯಬಾರದು.

ಆ ಕಾಲದ ಎಣ್ಣೆ ಬೇಗ ಕೆಡುತ್ತಿತ್ತು. ಮಸಿ, ಧೂಳು, ನೀರು ಸೇರಿ ತಳದಲ್ಲಿ ಮಡ್ಡಿ ಕಟ್ಟುತ್ತಿತ್ತು. 1930ರ ದಶಕದಲ್ಲಿ, ಮುಖ್ಯವಾಗಿ ಡೀಸೆಲ್ ಎಂಜಿನ್ನುಗಳ ತೊಂದರೆಯನ್ನು ನೀಗಲು, ಕೊಳೆಯನ್ನು ಹಿಡಿದಿಡುವ ರಾಸಾಯನಿಕಗಳನ್ನು ಎಣ್ಣೆಗೆ ಬೆರೆಸುವುದು ಮೊದಲಾಯಿತು. 1947ರಲ್ಲಿ ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಂಜಿನ್ ಎಣ್ಣೆಗಳನ್ನು ಸಾಧಾರಣ, ಉತ್ತಮ, ಭಾರಿ ದುಡಿಮೆಯವು ಎಂದು ಮೂರು ಬಗೆಯಾಗಿ ವಿಂಗಡಿಸಿತು. 1950ರ ದಶಕದಲ್ಲಿ ಚಳಿಗೂ ಸೆಕೆಗೂ ಒದಗುವ ಎಣ್ಣೆಗಳು ಪೇಟೆಗೆ ಬಂದವು. 1970ರ ದಶಕದಲ್ಲಿ ಕೃತಕ ಎಣ್ಣೆಗಳೂ ಬಂದವು. ಹೊಸ ಎಣ್ಣೆಯ ಒಂದು ಗುಣವನ್ನು ಗಮನಿಸಬೇಕು: ಕೊಳೆಯನ್ನು ತನ್ನಲ್ಲೇ ತೇಲಿಸಿಕೊಂಡಿರುವುದರಿಂದ ಅದು ಬೇಗ ಕಪ್ಪಾಗುತ್ತದೆ. ‘ಎಣ್ಣೆ ಕಪ್ಪಾಗಿದೆ, ಸ್ವಾಮಿ, ಬದಲಾಯಿಸಬೇಕು’ ಎಂಬ ಮಾತು ಎಲ್ಲ ಕಾಲದಲ್ಲಿಯೂ ಸತ್ಯವಲ್ಲ.

ಎಣ್ಣೆ ಸುಧಾರಿಸಿತು, ಎಂಜಿನ್ನೂ ಸುಧಾರಿಸಿತು. ಆದರೆ ರೂಢಿ ಸುಧಾರಿಸಲಿಲ್ಲ. ‘ಮೂರು ಸಾವಿರ ಮೈಲಿಗೊಮ್ಮೆ’, ಎಂದರೆ ಸುಮಾರು 4,800 ಕಿಲೋಮೀಟರಿಗೊಮ್ಮೆ, ಎಂಬ ಸೂತ್ರ ಅಮೆರಿಕದ ಗ್ಯಾರೇಜುಗಳಲ್ಲಿ ವೇದವಾಕ್ಯವಾಗಿ ಉಳಿಯಿತು. ಕಾರ್ಖಾನೆಯ ಪುಸ್ತಕವೇ ಅದಕ್ಕಿಂತ ಬಹಳ ಹೆಚ್ಚಿನ ದೂರವನ್ನು ಹೇಳಿದಾಗಲೂ ಗಾಜಿನ ಮೇಲೆ ಅಂಟಿಸುವ ಚೀಟಿ ಹಳೆಯ ಅಂಕಿಯನ್ನೇ ಹೇಳುತ್ತಿತ್ತು. ಕೊನೆಗೆ ಕ್ಯಾಲಿಫೋರ್ನಿಯಾ ರಾಜ್ಯದ ತ್ಯಾಜ್ಯ ನಿರ್ವಹಣೆಯ ಇಲಾಖೆಯೇ, ನಿಮ್ಮ ಕಾರಿನ ಪುಸ್ತಕ ಏನು ಹೇಳುತ್ತದೆಂದು ನೋಡಿರಿ ಎಂದು ಜನರಿಗೆ ಪ್ರಚಾರ ಮಾಡಬೇಕಾಯಿತು.

ಮೈಲಿಯ ಲೆಕ್ಕದಲ್ಲಿ ಇನ್ನೊಂದು ದೋಷ ಉಂಟು. ಹೆದ್ದಾರಿಯಲ್ಲಿ ಒಂದೇ ಸಮನೆ ಓಡಿದ ಮೈಲಿಯೂ, ಚಳಿಯ ಬೆಳಗ್ಗೆ ಹಾಲಿನಂಗಡಿಗೆ ಹೋಗಿ ಬಂದ ಮೈಲಿಯೂ ಎಣ್ಣೆಗೆ ಒಂದೇ ಅಲ್ಲ. ಎಂಜಿನ್ ಕಾಯುವ ಮುಂಚೆಯೇ ನಿಲ್ಲಿಸಿದರೆ ನೀರಿನ ಪಸೆ, ಉರಿಯದ ಪೆಟ್ರೋಲು ಎಣ್ಣೆಯಲ್ಲೇ ಉಳಿಯುತ್ತವೆ. ಅತಿಯಾಗಿ ಕಾದರೆ ಗಾಳಿಯ ಆಮ್ಲಜನಕ ಸೇರಿ ಎಣ್ಣೆ ಮಂದವಾಗುತ್ತದೆ. ಜರ್ಮನಿಯ ಬಿ.ಎಂ.ಡಬ್ಲ್ಯೂ. ಕಂಪನಿ 1980ರ ದಶಕದ ಆರಂಭದಲ್ಲಿ ಹಸಿರು, ಹಳದಿ, ಕೆಂಪು ದೀಪಗಳ ಸಾಲಿನಿಂದ ಸರ್ವೀಸಿನ ಕಾಲವನ್ನು ಸೂಚಿಸತೊಡಗಿತು. ಆದರೆ ಎಣ್ಣೆಯ ಲೆಕ್ಕವನ್ನು ರಸಾಯನಶಾಸ್ತ್ರದ ತಳಹದಿಯ ಮೇಲೆ ನಿಲ್ಲಿಸಿದ ಕೀರ್ತಿಯಲ್ಲಿ ದೊಡ್ಡ ಪಾಲು ಒಬ್ಬ ಮಹಿಳೆಗೆ ಸಲ್ಲುತ್ತದೆ: ಜನರಲ್ ಮೋಟಾರ್ಸ್ ಕಂಪನಿಯ ಸಂಶೋಧನಾಲಯದಲ್ಲಿದ್ದ ಶರ್ಲಿ ಶ್ವಾರ್ಟ್ಸ್.

ಆಕೆಯೂ ಆಕೆಯ ಸಹೋದ್ಯೋಗಿಗಳೂ ಕಾರುಗಳನ್ನು ಬಗೆಬಗೆಯಾಗಿ ಓಡಿಸಿ, ಎಣ್ಣೆಯ ಮಾದರಿಗಳನ್ನು ತೆಗೆದು ಪರೀಕ್ಷಿಸಿದರು. ಅವರು ಕಂಡ ಸಂಗತಿ ಸರಳವಾದದ್ದು. ಎಂಜಿನ್ ಎಷ್ಟು ಸುತ್ತು ತಿರುಗಿತು, ಆಗ ಎಣ್ಣೆ ಎಷ್ಟು ಬಿಸಿಯಾಗಿತ್ತು, ಇವೆರಡು ತಿಳಿದರೆ ಎಣ್ಣೆ ಎಷ್ಟು ಸವೆದಿದೆ ಎಂದು ಬಹುಮಟ್ಟಿಗೆ ಊಹಿಸಬಹುದು. ಹೊಸ ಎಣ್ಣೆಗೆ ಇಷ್ಟು ಸುತ್ತು ಎಂದು ಮೊದಲೇ ನಿಗದಿ. ಪ್ರತಿ ಸುತ್ತನ್ನೂ ಅದರಿಂದ ಕಳೆಯುವುದು. ಎಣ್ಣೆ ತೀರ ತಣ್ಣಗಿದ್ದರೂ ತೀರ ಬಿಸಿಯಾದರೂ ಒಂದು ಸುತ್ತಿಗೆ ಹಲವು ಸುತ್ತಿನಷ್ಟು ದಂಡ ಹಾಕುವುದು. ಇದರ ವಿವರ 1987ರಲ್ಲಿ ಪ್ರಕಟವಾಯಿತು. 1988ರಲ್ಲಿ ಪೇಟೆಂಟೂ ದೊರೆಯಿತು. ಶ್ವಾರ್ಟ್ಸ್ 1998ರಲ್ಲಿ ತೀರಿಕೊಂಡರು.

ಇಲ್ಲಿಯೇ ವಿಷಯದ ತಿರುಳಿರುವುದು. ಈ ಬಗೆಯ ಏರ್ಪಾಟು ಎಣ್ಣೆಯನ್ನು ಮುಟ್ಟಿ ನೋಡುವುದಿಲ್ಲ. ಅದು ನಾಡಿ ಹಿಡಿಯುವ ವೈದ್ಯನಲ್ಲ, ಕಡತ ಬರೆಯುವ ಶಾನುಭೋಗ. ಹೊಲಕ್ಕೆ ಹೋಗದೆ, ಮಳೆ ಎಷ್ಟು ಬಂತು ಬಿಸಿಲು ಎಷ್ಟಿತ್ತು ಎಂದು ಕೇಳಿ ಬೆಳೆ ಇಷ್ಟಾಗಿರಬೇಕೆಂದು ಬರೆಯುವವನು. ಅವನ ಗಣಿತ ತಪ್ಪಲ್ಲ; ಆದರೆ ಬಿತ್ತಿದ ಬೀಜ ಯಾವುದೆಂದು ಅವನಿಗೆ ಗೊತ್ತಿಲ್ಲ.

ಬೀಜ ತಪ್ಪಿದರೆ ಏನಾಗುತ್ತದೆಂಬುದಕ್ಕೆ ನಿದರ್ಶನವಿದೆ. 1998ರಿಂದ 2001ರವರೆಗಿನ ಮರ್ಸಿಡಿಸ್ ಬೆಂಜ್ ಕಾರುಗಳಲ್ಲಿ ಎಣ್ಣೆ ಬದಲಾಯಿಸುವ ಕಾಲವನ್ನು ಕಾರೇ ಹೇಳುತ್ತಿತ್ತು. ಅಷ್ಟು ದೀರ್ಘ ಅವಧಿಗೆ ಕೃತಕ ಎಣ್ಣೆಯೇ ಬೇಕೆಂದು ಕಂಪನಿ ತಿಳಿಸಲಿಲ್ಲ, ಸಾಧಾರಣ ಎಣ್ಣೆ ಹಾಕಿದ್ದರಿಂದ ಎಂಜಿನ್ನು ಹಾಳಾಯಿತು ಎಂದು ಅಮೆರಿಕದ ಒಡೆಯರು ದಾವೆ ಹೂಡಿದರು. 2003ರಲ್ಲಿ ಅದು ರಾಜಿಯಾಯಿತು. ಇನ್ನೊಂದು ಪ್ರಸಂಗ ಜನರಲ್ ಮೋಟಾರ್ಸಿನದೇ. 2010ರಿಂದ 2012ರವರೆಗಿನ ಕೆಲವು ಕಾರುಗಳ 2.4 ಲೀಟರಿನ ಎಂಜಿನ್ನಿನಲ್ಲಿ ಒಂದು ಸರಪಳಿ ಬೇಗ ಸವೆಯುತ್ತಿತ್ತು. ಎಣ್ಣೆಯನ್ನು ಇನ್ನೂ ಬೇಗ ಬದಲಾಯಿಸುವಂತೆ ಕಂಪನಿ ಆ ಕಾರುಗಳ ಲೆಕ್ಕದ ಸೂತ್ರವನ್ನೇ ತಿದ್ದಿತು. ಎಂದ ಮೇಲೆ ಅಂಕಿಯೊಳಗೆ ರಸಾಯನಶಾಸ್ತ್ರದ ಜೊತೆಗೆ ತಯಾರಕರ ಅಂದಾಜೂ ಇದೆ ಎಂದಾಯಿತಷ್ಟೆ.

ಹಾಗಾದರೆ ನನ್ನ ತೀರ್ಮಾನವೇನು? ಎಣ್ಣೆಯನ್ನು ಯಾವಾಗ ಬದಲಾಯಿಸಬೇಕೆಂಬ ವಿಷಯದಲ್ಲಿ ಗ್ಯಾರೇಜಿನ ಚೀಟಿಗಿಂತ ಈ ಶಾನುಭೋಗನ ಮಾತೇ ಮೇಲು. ಚೀಟಿಗೆ ನಮ್ಮ ಓಡಾಟದ ಅರಿವಿಲ್ಲ, ಇವನಿಗೆ ಇದೆ. ಆದರೆ ಅವನಿಗೆ ಕಾಣದ್ದನ್ನು ನಾವು ಕಾಣಬೇಕು. ಪುಸ್ತಕದಲ್ಲಿ ಹೇಳಿದ ದರ್ಜೆಯ ಎಣ್ಣೆಯನ್ನೇ ಹಾಕಿಸಬೇಕು. ಎಣ್ಣೆ ಬದಲಾಯಿಸಿದ ದಿನ ಮಾತ್ರ ಅಂಕಿಯನ್ನು ನೂರಕ್ಕೆ ತಿರುಗಿಸಬೇಕು; ಬದಲಾಯಿಸದೆ ತಿರುಗಿಸಿದರೆ ಅದು ಆ ಸುಳ್ಳನ್ನೇ ನಂಬಿ ಎಣಿಸತೊಡಗುತ್ತದೆ. ಕಾರು ಹೆಚ್ಚು ಓಡದಿದ್ದರೂ ಪುಸ್ತಕ ಹೇಳಿದ ತಿಂಗಳ ಗಡುವನ್ನು ಮೀರಬಾರದು. ಎಲ್ಲಕ್ಕಿಂತ ಮುಖ್ಯವಾದದ್ದು ಎಣ್ಣೆಯ ಮಟ್ಟ. ಕೆಲವು ಎಂಜಿನ್ನುಗಳು ಎಣ್ಣೆಯನ್ನು ಕುಡಿಯುತ್ತವೆ. ನಾಲ್ಕು ಲೀಟರಿನಲ್ಲಿ ಒಂದು ಲೀಟರು ಹೋಗಿದ್ದರೂ ಆಯುಷ್ಯದ ಅಂಕಿ ತನ್ನ ಪಾಡಿಗೆ ತಾನು ಶೇಕಡ 40 ಎನ್ನುತ್ತಿರಬಹುದು. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡ ಹಾಗೆ ಎಂಬ ಗಾದೆ ನಮ್ಮಲ್ಲುಂಟು; ಎಣ್ಣೆ ಹೋಗುವಾಗ ಕಣ್ಣು ಮುಚ್ಚಿಕೊಳ್ಳುವುದು ಅದಕ್ಕಿಂತ ದುಬಾರಿ. ಆದುದರಿಂದ ತಿಂಗಳಿಗೊಮ್ಮೆಯಾದರೂ, ಗಾಡಿ ಸಮನೆಲದಲ್ಲಿ ನಿಂತಿರುವಾಗ, ಅಳತೆಯ ಕಡ್ಡಿಯನ್ನು ಎಳೆದು ಒರೆಸಿ ಮತ್ತೆ ಅದ್ದಿ ನೋಡಿರಿ. ಮಾಡೆಲ್ ಟಿ ಒಡೆಯನಂತೆ ಗಾಡಿಯ ಕೆಳಗೆ ಕೈಹಾಕುವ ಕಷ್ಟವಂತೂ ಈಗ ನಮಗಿಲ್ಲ.