ಬೆಂಗಳೂರಿನ ಬಡಾವಣೆ ನಿವಾಸಿಗಳ ಸಂಘಗಳು

ಒಂದು ಬಡಾವಣೆಯಲ್ಲಿ ನೆಲೆಸಿದವರು ಅಲ್ಲಿನ ಉದ್ಯಾನ, ಆಟದ ಮೈದಾನ, ಸಾಲುಮರ, ಕೆರೆ, ಚರಂಡಿ, ಕಸ ವಿಲೇವಾರಿಯಂಥ ವಿಷಯಗಳನ್ನು ನೋಡಿಕೊಳ್ಳಲು ತಾವಾಗಿ ಕಟ್ಟಿಕೊಂಡ ಸಂಸ್ಥೆಗಳು. ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘ, ನಾಗರಿಕರ ವೇದಿಕೆ, ಹಿತರಕ್ಷಣಾ ಸಮಿತಿ ಎಂದು ಊರಲ್ಲಿ ಇವಕ್ಕೆ ನಾನಾ ಹೆಸರು. ಹೆಚ್ಚಿನವು 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದಡಿ ನೋಂದಾಯಿತವಾಗಿವೆ. ಏಳು ಜನ ಸೇರಿದರೆ ಸಂಘವಾಗುತ್ತದೆ. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ, ವರ್ಷಕ್ಕೊಂದು ಸರ್ವಸದಸ್ಯರ ಸಭೆ, ನವೆಂಬರಿನಲ್ಲಿ ರಾಜ್ಯೋತ್ಸವ: ಹೊರಗಿನಿಂದ ಕಾಣುವ ಚಟುವಟಿಕೆ ಇಷ್ಟೆ. ಆದರೆ ಬೆಂಗಳೂರಿನಲ್ಲಿ ಇವತ್ತು ಉಳಿದಿರುವ ಎಷ್ಟೋ ಖಾಲಿ ಜಾಗ ಉಳಿದದ್ದು ಇವರು ಕಾವಲು ನಿಂತದ್ದರಿಂದ.

ನಕಾಶೆಯಲ್ಲಿ ನಗರ ಬೆಳೆದದ್ದು 1898ರ ಪ್ಲೇಗಿನ ನಂತರ. ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರತರಲು ಬಸವನಗುಡಿ, ಮಲ್ಲೇಶ್ವರಗಳಂಥ ಹೊಸ ಬಡಾವಣೆಗಳು ರೂಪುಗೊಂಡವು. ನೇರ ರಸ್ತೆ, ಗಾಳಿ ಬೆಳಕು, ನಡುವೆ ಬಯಲು ಇವುಗಳ ಲಕ್ಷಣ. 1945ರಲ್ಲಿ ನಗರ ಸುಧಾರಣಾ ಟ್ರಸ್ಟ್ ಮಂಡಳಿ ಬಂತು, 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿತ್ತು. 1976ರ ಅಧಿನಿಯಮದಿಂದ ಆ ಕೆಲಸ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ಕೈಸೇರಿತು. ಬಡಾವಣೆಯ ಒಟ್ಟು ವಿಸ್ತೀರ್ಣದಲ್ಲಿ ಕನಿಷ್ಠ ಶೇ. 15ರಷ್ಟು ಉದ್ಯಾನ ಮತ್ತು ಆಟದ ಬಯಲಿಗೆ, ಶೇ. 10ರಷ್ಟು ಶಾಲೆ, ಆಸ್ಪತ್ರೆಯಂಥ ನಾಗರಿಕ ಸೌಲಭ್ಯಗಳಿಗೆ ಮೀಸಲಿಡಬೇಕೆಂದು ಆ ಕಾಯ್ದೆ ಹೇಳುತ್ತದೆ. ಬಿಡಿಎ ಸೈಟು ಕೊಂಡವರು ತಮ್ಮ ಮೂವತ್ತು ನಲವತ್ತರ ಜಾಗಕ್ಕೆ ಮಾತ್ರವಲ್ಲ, ಹಸಿರು ಬಣ್ಣ ಬಳಿದ ಆ ಚೌಕಕ್ಕೂ ಸೇರಿಸಿಯೇ ದುಡ್ಡು ಕಟ್ಟಿದ್ದರು. ಆದರೆ ಮನೆಗಳು ಎದ್ದು ನಿಂತ ಮೇಲೂ ಆ ಚೌಕಗಳು ವರ್ಷಗಟ್ಟಲೆ ಪಾರ್ಥೇನಿಯಂ ಬೆಳೆದುಕೊಂಡು ಬಿದ್ದಿರುತ್ತಿದ್ದವು. ಎಲ್ಲರದಾದ ಜಾಗ ಯಾರದೂ ಅಲ್ಲದಂತೆ ಕಾಣುತ್ತದೆ. ಅದಕ್ಕೆ ಬೇಲಿ ಹಾಕಿ, ಸಸಿ ನೆಟ್ಟು, ಬೋರ್ಡು ನೆಡುವುದು ಬಹುಪಾಲು ಸಂಘಗಳ ಮೊದಲ ಕೆಲಸವಾಯಿತು. ಸರ್ಕಾರವೂ 1985ರಲ್ಲಿ ಉದ್ಯಾನ, ಆಟದ ಬಯಲು ಮತ್ತು ತೆರೆದ ಜಾಗಗಳ ಸಂರಕ್ಷಣೆಗಾಗಿಯೇ ಪ್ರತ್ಯೇಕ ಕಾಯ್ದೆ ತಂದಿತು.

ಈ ಇತಿಹಾಸದ ತಿರುವು ಬಂದದ್ದು ರಾಜಮಹಲ್ ವಿಲಾಸ್ ಬಡಾವಣೆಯ ಒಂದು ತುಂಡು ಭೂಮಿಯಿಂದ. ನಕಾಶೆಯಲ್ಲಿ ಅದು ಸಾರ್ವಜನಿಕ ಉದ್ಯಾನಕ್ಕೆಂದು ಗುರುತಾಗಿತ್ತು. ಮುಖ್ಯಮಂತ್ರಿಯ ನಿರ್ದೇಶನದ ಮೇರೆಗೆ ಅದನ್ನು ಆಸ್ಪತ್ರೆಯ ನಿವೇಶನವನ್ನಾಗಿ ಮಾರ್ಪಡಿಸಿ ಬೆಂಗಳೂರು ಮೆಡಿಕಲ್ ಟ್ರಸ್ಟ್ ಎಂಬ ಖಾಸಗಿ ಸಂಸ್ಥೆಗೆ ಹಂಚಲಾಯಿತು. ಬಡಾವಣೆಯ ಜನ ಹೈಕೋರ್ಟಿಗೆ ಹೋದರು. ಏಕಸದಸ್ಯ ಪೀಠದಲ್ಲಿ ಸೋತರು, ವಿಭಾಗೀಯ ಪೀಠದಲ್ಲಿ ಗೆದ್ದರು. ಪ್ರಕರಣ ಸುಪ್ರೀಂ ಕೋರ್ಟು ತಲುಪಿದಾಗ ಎದ್ದ ಪ್ರಶ್ನೆಗಳು ಸಣ್ಣವಲ್ಲ. ಆಸ್ಪತ್ರೆಯೂ ಜನೋಪಯೋಗಿಯೇ ಅಲ್ಲವೇ? ತನ್ನ ಸ್ವಂತ ಆಸ್ತಿಗೆ ಹಾನಿಯಾಗದ ನಿವಾಸಿಗೆ ಪ್ರಶ್ನಿಸುವ ಹಕ್ಕು ಎಲ್ಲಿಂದ ಬಂತು? 1991ರಲ್ಲಿ ನ್ಯಾಯಮೂರ್ತಿಗಳಾದ ಟಿ.ಕೆ. ತೊಮ್ಮೆನ್ ಮತ್ತು ಆರ್.ಎಂ. ಸಹಾಯ್ ಅವರ ಪೀಠ ನಿವಾಸಿಗಳ ಪರ ತೀರ್ಪು ಕೊಟ್ಟಿತು. ಯೋಜನೆಯನ್ನು ಉತ್ತಮಪಡಿಸಲು ಬದಲಿಸಬಹುದೇ ಹೊರತು ಉದ್ಯಾನವನ್ನೇ ಖಾಸಗಿಯವರಿಗೆ ಒಪ್ಪಿಸುವಂತಿಲ್ಲ, ಕಾನೂನು ಪ್ರಾಧಿಕಾರಕ್ಕೆ ಕೊಟ್ಟ ವಿವೇಚನೆಯನ್ನು ಮೇಲಿನವರ ಆಜ್ಞೆ ಕಸಿಯುವಂತಿಲ್ಲ, ಬಡಾವಣೆಯಲ್ಲಿ ವಾಸಿಸುವುದೇ ಪ್ರಶ್ನಿಸುವುದಕ್ಕೆ ಸಾಕಷ್ಟು ಕಾರಣ ಎಂಬುದು ತೀರ್ಪಿನ ಸಾರ. ಇಂದಿಗೂ ದೇಶದ ಯಾವುದೇ ಉದ್ಯಾನದ ಮೊಕದ್ದಮೆಯಲ್ಲಿ ವಕೀಲರು ಎತ್ತಿಕೊಳ್ಳುವ ತೀರ್ಪು ಇದು. ಇದಕ್ಕೆ ಸಲ್ಲಬೇಕಾದ ಮನ್ನಣೆ ಬೆಂಗಳೂರಿನಲ್ಲೇ ಸಂದಿಲ್ಲ. ಬಿಡಿಎ ಕಾಯ್ದೆಗೆ ಸೇರಿದ 38ಎ ಕಲಮು ಕೂಡ ಇದೇ ದಾರಿಯದು. ಉದ್ಯಾನಕ್ಕೆ ಮೀಸಲಾದ ಜಾಗವನ್ನು ಬೇರೆ ಉದ್ದೇಶಕ್ಕೆ ಪರಭಾರೆ ಮಾಡಿದರೆ ಅದು ಅಸಿಂಧು ಎನ್ನುತ್ತದೆ ಅದು.

1999ರಲ್ಲಿ ಎಸ್.ಎಂ. ಕೃಷ್ಣ ಅವರ ಸರ್ಕಾರ ಬೆಂಗಳೂರು ಅಜೆಂಡಾ ಟಾಸ್ಕ್ ಫೋರ್ಸ್ ರಚಿಸಿತು, 2001ರಲ್ಲಿ ಜನಾಗ್ರಹ ಎಂಬ ನಾಗರಿಕ ಸಂಸ್ಥೆ ಶುರುವಾಯಿತು. ವಾರ್ಡಿನ ಕಾಮಗಾರಿ, ಬಜೆಟ್ಟುಗಳ ಲೆಕ್ಕ ಕೇಳುವ ಅಭ್ಯಾಸ ಸಂಘಗಳಿಗೆ ಹತ್ತಿದ್ದು ಈ ವರ್ಷಗಳಲ್ಲಿ. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿಕೊಂಡು ನಗರದ ಪಾಲಿಕೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಆಯಿತು. ಅದೇ ವರ್ಷ ಒಪ್ಪಿಗೆ ಪಡೆದ, 2015ರವರೆಗಿನ ಪರಿಷ್ಕೃತ ಮಹಾಯೋಜನೆ ವಸತಿ ಬೀದಿಗಳಲ್ಲಿ ಮಿಶ್ರ ಬಳಕೆಗೆ ಬಾಗಿಲು ತೆರೆಯಿತು. ಕೋರಮಂಗಲ, ಇಂದಿರಾನಗರಗಳಲ್ಲಿ ಮನೆಯ ಪಕ್ಕ ಪಬ್ಬು, ಹೋಟೆಲು ಬಂದಾಗ ಸಂಘಗಳು ಮತ್ತೆ ಕೋರ್ಟು ಕಚೇರಿ ಸುತ್ತಿದವು.

ಮರಗಳ ಕಥೆ ಬೀದಿಯಲ್ಲಿ ನಡೆಯಿತು. 2009ರಲ್ಲಿ ಮೆಟ್ರೊಗಾಗಿ ಜಯನಗರದ ನಂದಾ ರಸ್ತೆಯ ಮರಗಳಿಗೆ ಕೊಡಲಿ ಬಿದ್ದಾಗ ‘ಹಸಿರು ಉಸಿರು’ ಬಳಗದೊಂದಿಗೆ ಸುತ್ತಲಿನ ನಿವಾಸಿಗಳು ನಿಂತರು. 2011ರಲ್ಲಿ ಸ್ಯಾಂಕಿ ಕೆರೆಯ ಪಕ್ಕದ ರಸ್ತೆ ಅಗಲೀಕರಣದ ವಿರುದ್ಧ ಮಲ್ಲೇಶ್ವರ, ಸದಾಶಿವನಗರದವರು ಎದ್ದರು. 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಸುಮಾರು 6.7 ಕಿ.ಮೀ. ಉಕ್ಕಿನ ಮೇಲ್ಸೇತುವೆ ಕಟ್ಟಲು ಸರ್ಕಾರ ಹೊರಟಿತು. 812 ಮರಗಳನ್ನು ಉರುಳಿಸುವ ಲೆಕ್ಕವಿತ್ತು. ಅಕ್ಟೋಬರ್ 16ರಂದು ಸಾವಿರಾರು ಜನ ರಸ್ತೆಯುದ್ದಕ್ಕೂ ಕೈಕೈ ಹಿಡಿದು ‘ಬೇಡ’ ಎಂದರು. ಸಂಘಗಳ ಹಿರಿಯರ ಜೊತೆ ಅಂದು ಕಾಲೇಜು ಹುಡುಗರು, ಮಕ್ಕಳನ್ನು ಎತ್ತಿಕೊಂಡ ತಾಯಂದಿರೂ ಇದ್ದರು. 2017ರ ಮಾರ್ಚಿನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು.

ಕೆರೆಗಳ ಕೆಲಸ ಇದಕ್ಕಿಂತ ಭಿನ್ನ, ಅಲ್ಲಿ ಗೆಲುವಿಗೆ ದಿನಾಂಕವಿಲ್ಲ. ನದಿಯಿಲ್ಲದ ಈ ದಿಣ್ಣೆಯ ಊರಿಗೆ ಕೆರೆಯೇ ಆಧಾರವಾಗಿತ್ತು. ಕೊಳಾಯಿ ನೀರು ಬಂದ ಮೇಲೆ ಕೆರೆಯಂಗಳ ಬರೀ ಜಾಗವಾಗಿ ಕಾಣತೊಡಗಿತು. ಧರ್ಮಾಂಬುಧಿ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ಎನ್. ಲಕ್ಷ್ಮಣರಾವ್ ಸಮಿತಿ 1980ರ ದಶಕದಲ್ಲೇ ಎಚ್ಚರಿಸಿದರೂ ಒತ್ತುವರಿ ನಿಲ್ಲಲಿಲ್ಲ. ಜೆ.ಪಿ. ನಗರ 7ನೇ ಹಂತದ ಪುಟ್ಟೇನಹಳ್ಳಿ ಕೆರೆ ಹದಿಮೂರು ಎಕರೆಯ ಆಸುಪಾಸಿನದು. ಅದರ ಎದುರಿನ ವಸತಿ ಸಮುಚ್ಚಯದಲ್ಲಿದ್ದ ಲೇಖಕಿ ಉಷಾ ರಾಜಗೋಪಾಲನ್ ಮತ್ತು ನೆರೆಯವರು ಒಣಗುತ್ತಿದ್ದ ಆ ಕೆರೆಗಾಗಿ ಅರ್ಜಿ ಹಿಡಿದು ಕಚೇರಿಗಳಿಗೆ ಅಲೆದರು, 2010ರಲ್ಲಿ ಟ್ರಸ್ಟ್ ನೋಂದಾಯಿಸಿದರು, 2011ರಲ್ಲಿ ಬಿಬಿಎಂಪಿಯೊಂದಿಗೆ ನಿರ್ವಹಣೆಯ ಒಪ್ಪಂದ ಮಾಡಿಕೊಂಡರು. ನೆರೆಹೊರೆಯವರ ಗುಂಪಿಗೇ ಕೆರೆಯ ಉಸ್ತುವಾರಿ ಒಪ್ಪಿಸಿದ್ದು ನಗರದಲ್ಲಿ ಹೊಸ ಸಂಗತಿಯಾಗಿತ್ತು. ಹೂಳು ತೆಗೆಸಿದರೆ ಮುಗಿಯಲಿಲ್ಲ. ಮಳೆನೀರು ಒಳಬರುವ ಕಾಲುವೆಗಳು ಮುಚ್ಚಿಹೋಗಿದ್ದವು. ಅವನ್ನು ಬಿಡಿಸಿ, ಸಮುಚ್ಚಯದ ಸಂಸ್ಕರಿತ ನೀರನ್ನು ಜೊಂಡಿನ ನಡುವೆ ಹಾಯಿಸಿ ಕೆರೆಗೆ ತಂದರು. ನೀರಕೋಳಿಗಳು ಮರಳಿದವು. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಯಲ್ಲೂ ಇದೇ ಕಾಲಕ್ಕೆ ನಿವಾಸಿಗಳು, ಹಳ್ಳಿಯವರು, ಪಾಲಿಕೆಯ ಎಂಜಿನಿಯರುಗಳು ಒಟ್ಟಿಗೆ ಕೂತು ಕೆಲಸ ಮಾಡಿದರು.

ಕಸದ ಪಾಠ ಬಿಕ್ಕಟ್ಟಿನಿಂದ ಬಂತು. 2012ರಲ್ಲಿ ಮಾವಳ್ಳಿಪುರದ ಜನ ತಮ್ಮೂರಿಗೆ ನಗರದ ಕಸ ಬೇಡವೆಂದಾಗ ಬೀದಿಬೀದಿಯಲ್ಲಿ ರಾಶಿ ಬಿತ್ತು. ಅದೇ ವರ್ಷ ಹೈಕೋರ್ಟು ಮೂಲದಲ್ಲೇ ಕಸ ಬೇರ್ಪಡಿಸಬೇಕೆಂದು ಹೇಳಿತು. ಹಸಿ ಕಸ, ಒಣ ಕಸ, ಎರಡು ಬುಟ್ಟಿ ಒಂದು ಚೀಲ ಎಂಬುದನ್ನು ಮನೆಮನೆಗೆ ಹೋಗಿ ತಿಳಿಸಿದವರಲ್ಲಿ ಬಡಾವಣೆ ಸಂಘಗಳ ಹೆಂಗಸರೇ ಹೆಚ್ಚು.

ಈ ಸಂಘಗಳ ಮೇಲಿನ ಆಕ್ಷೇಪವನ್ನೂ ಇಲ್ಲಿ ದಾಖಲಿಸಬೇಕು. ಸ್ವಂತ ಮನೆಯವರೇ ಮತದಾರರಾಗಿರುವ ಎಷ್ಟೋ ಕಡೆ ಬಾಡಿಗೆದಾರರಿಗೆ, ಮನೆಗೆಲಸದವರಿಗೆ ದನಿಯಿಲ್ಲ. ಸೊಪ್ಪು ಮಾರುವವರ ತಳ್ಳುಗಾಡಿಯನ್ನು ಓಡಿಸುವುದೂ, ಉದ್ಯಾನಕ್ಕೆ ಮಧ್ಯಾಹ್ನ ಬೀಗ ಹಾಕಿ ಕೂಲಿಯವರಿಗೆ ನೆರಳು ತಪ್ಪಿಸುವುದೂ ‘ಕ್ಷೇಮಾಭಿವೃದ್ಧಿ’ಯ ಹೆಸರಲ್ಲೇ ನಡೆದಿದೆ. ಇದು ನಿಜವಾದ ದೋಷ. ಎಲ್ಲರ ಜಾಗವೆಂದು ಕೋರ್ಟಿನಲ್ಲಿ ಗೆದ್ದುಕೊಂಡದ್ದನ್ನು ಕೆಲವರದಾಗಿಸಿದರೆ 1991ರ ತೀರ್ಪಿಗೇ ವಿರುದ್ಧವಾಗುತ್ತದೆ.

ಮೂರು ಲಕ್ಷ ಅಥವಾ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆನ್ನುವ ಸಂವಿಧಾನದ 74ನೇ ತಿದ್ದುಪಡಿ 1993ರಲ್ಲೇ ಜಾರಿಯಾಗಿತ್ತು. ಬೆಂಗಳೂರಿನಲ್ಲಿ ಅವು ಕುಂಟುತ್ತಲೇ ನಡೆದವು. 2020ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಕೌನ್ಸಿಲಿನ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಕಾರ್ಪೊರೇಟರುಗಳೇ ಇರಲಿಲ್ಲ, ಸಂಘಗಳು ನೇರವಾಗಿ ಅಧಿಕಾರಿಗಳ ಮುಂದೆ ನಿಲ್ಲಬೇಕಾಯಿತು. 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರಪಾಲಿಕೆಗಳಾದವು. ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರು ಪೇಟೆಯ ಕಡೆಯಿಂದ ರಾಜಕಾಲುವೆಯಲ್ಲಿ ಹೊರಟು ಬೆಳ್ಳಂದೂರು, ವರ್ತೂರು ಕೆರೆಗಳಿಗೆ ಹರಿಯುತ್ತದೆ. ಹೊಸ ವಿಂಗಡಣೆಯಲ್ಲಿ ಆ ರಾಜಕಾಲುವೆ ಒಂದಕ್ಕಿಂತ ಹೆಚ್ಚು ಪಾಲಿಕೆಗಳ ಗಡಿ ದಾಟುತ್ತದೆ, ಅದರ ದಂಡೆಯ ಬಡಾವಣೆಗಳ ಸಂಘಗಳು ಮಳೆಗಾಲಕ್ಕೆ ಮುಂಚೆ ಅರ್ಜಿ ಕೊಡಬೇಕಾದ ಕಚೇರಿಗಳೂ ಅಷ್ಟಾಗಿವೆ.