ಮನೆ ಶುಚಿತ್ವದ ದಿನಚರಿ

ಮನೆಯನ್ನು ಚೊಕ್ಕಟವಾಗಿಡುವ ಕೆಲಸವನ್ನು ಸಣ್ಣ ಸಣ್ಣ ಪಾಲುಗಳಾಗಿ ಒಡೆದು, ಒಂದೊಂದನ್ನೂ ಗೊತ್ತಾದ ಹೊತ್ತಿಗೆ ಅಥವಾ ನಿತ್ಯದ ಇನ್ನೊಂದು ಕೆಲಸಕ್ಕೆ ಗಂಟುಹಾಕಿ ರೂಢಿಸಿಕೊಳ್ಳುವ ಕ್ರಮ. ಕೊಳೆ ದಿನವೂ ಸ್ವಲ್ಪಸ್ವಲ್ಪವೇ ಕೂಡುತ್ತದೆ. ಕೂಡಿದಂತೆಲ್ಲ ಕಳೆಯುತ್ತ ಹೋದರೆ ಒಮ್ಮೆಗೇ ಮೈಮುರಿಯುವ ಪ್ರಮೇಯ ಬರುವುದಿಲ್ಲ ಎಂಬುದು ಇದರ ತಿರುಳು. ಒಲೆಯ ಮೇಲೆ ಉಕ್ಕಿದ ಹಾಲನ್ನು ಬಿಸಿ ಆರುತ್ತಲೇ ಒರೆಸಲು ಒದ್ದೆ ಬಟ್ಟೆ ಸಾಕು. ಅದೇ ಹಾಲು ನಾಲ್ಕು ದಿನ ಕಾದು ಕರಿಕಾದರೆ ಉಜ್ಜುನಾರು, ಪುಡಿ, ಅರ್ಧ ಗಂಟೆ ಎಲ್ಲವೂ ಬೇಕು.

ಸಾಂಪ್ರದಾಯಿಕ ಕ್ರಮ

ಕರ್ನಾಟಕದ ಮನೆಗಳಲ್ಲಿ ಶುಚಿಗೊಳಿಸುವ ಕೆಲಸಗಳು ದಿನ, ವಾರ, ವರ್ಷ ಎಂಬ ಮೂರು ಸುತ್ತುಗಳಲ್ಲಿ ಹಂಚಿಕೆಯಾಗಿದ್ದವು. ಮುಂಜಾನೆ ಅಂಗಳ ಗುಡಿಸಿ, ಬಾಗಿಲಿಗೆ ನೀರು ಹಾಕಿ, ರಂಗೋಲಿ ಇಡುವುದು ನಿತ್ಯದ್ದು. ಗುಡಿಸದ ನೆಲದ ಮೇಲೆ ರಂಗೋಲಿ ನಿಲ್ಲದು. ಹಾಗಾಗಿ ಅಲಂಕಾರವೇ ಕೆಲಸ ಮುಗಿದದ್ದಕ್ಕೆ ಗುರುತೂ ಆಗಿತ್ತು. ಊಟದ ಎಲೆ ಎತ್ತಿದ ಕೂಡಲೇ ಎಂಜಲು ಬಳಿದು ನೆಲ ಸಾರಿಸುತ್ತಿದ್ದರು. ಶುಕ್ರವಾರ ಹೊಸ್ತಿಲು ತೊಳೆದು ಅರಿಸಿನ-ಕುಂಕುಮ ಹಚ್ಚುವುದು, ಹಿತ್ತಾಳೆ ತಾಮ್ರದ ದೇವರ ಸಾಮಾನುಗಳನ್ನು ಹುಣಸೆಹಣ್ಣು ಹಚ್ಚಿ ಬೆಳಗುವುದು ಅನೇಕ ಮನೆಗಳ ವಾಡಿಕೆ. ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲ ಲೋಹದ ಮೇಲಿನ ಕಿಲುಬನ್ನು ಕರಗಿಸುತ್ತದೆ. ಮುಸುರೆ ಪಾತ್ರೆಗೆ ಬಳಸುತ್ತಿದ್ದ ಸೌದೆಬೂದಿ ಕ್ಷಾರವಾದ್ದರಿಂದ ಜಿಡ್ಡನ್ನು ಬಿಡಿಸುತ್ತದೆ.

ಯುಗಾದಿ, ಗೌರಿ-ಗಣೇಶ, ದೀಪಾವಳಿಗೆ ಮುಂಚೆ ಧೂಳು ಹೊಡೆದು, ಜೇಡರಬಲೆ ತೆಗೆದು, ಸುಣ್ಣ ಬಳಿಯುವುದು ವರ್ಷದ ಸುತ್ತು. ನರಕಚತುರ್ದಶಿಯ ಹಿಂದಿನ ಸಂಜೆಯ ನೀರು ತುಂಬುವ ಹಬ್ಬದಲ್ಲಿ ಬಚ್ಚಲಿನ ಹಂಡೆಯನ್ನು ತಿಕ್ಕಿ ತೊಳೆದು, ಸಿಂಗರಿಸಿ, ಹೊಸ ನೀರು ತುಂಬುತ್ತಾರೆ. ಆಯುಧಪೂಜೆಯ ನೆಪದಲ್ಲಿ ಕತ್ತಿ, ಈಳಿಗೆಮಣೆಯಿಂದ ಹಿಡಿದು ಕಾರು, ಸ್ಕೂಟರಿನವರೆಗೆ ಎಲ್ಲಕ್ಕೂ ಸ್ನಾನವಾಗುತ್ತದೆ.

ರೂಢಿ ಬೇರೂರುವ ಬಗೆ

ಒಂದೇ ಸಂದರ್ಭದಲ್ಲಿ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿದರೆ ಆ ಸಂದರ್ಭವೇ ಕೆಲಸವನ್ನು ನೆನಪಿಸತೊಡಗುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪ ಲ್ಯಾಲಿ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 96 ಮಂದಿ ಭಾಗವಹಿಸಿದ್ದರು. ಅವರು ಆರಿಸಿಕೊಂಡಿದ್ದು ತಿನ್ನುವ, ಕುಡಿಯುವ, ವ್ಯಾಯಾಮ ಮಾಡುವ ರೂಢಿಗಳನ್ನು. ಅವು ತಾವಾಗಿಯೇ ನಡೆಯುವಂತಾಗಲು ಹಿಡಿಯುವ ಕಾಲ 18ರಿಂದ 254 ದಿನಗಳವರೆಗೆ ಇತ್ತು. ನಡುಮೌಲ್ಯ 66 ದಿನ. ನಡುವೆ ಒಂದು ದಿನ ತಪ್ಪಿದರೆ ರೂಢಿ ಮುರಿದುಬೀಳುವುದಿಲ್ಲ ಎಂಬುದೂ ಕಂಡುಬಂತು.

ಮನೆಗೆಲಸಕ್ಕೆ ಈ ತತ್ತ್ವವನ್ನು ಅಳವಡಿಸಿ ಹೆಸರಾದವರು ಅಮೆರಿಕದ ನಾರ್ತ್ ಕ್ಯಾರೊಲಿನಾದ ಮಾರ್ಲಾ ಸಿಲಿ. ‘ಫ್ಲೈಲೇಡಿ’ ಎಂಬ ಹೆಸರಿನ ಅವರ ಕ್ರಮದಲ್ಲಿ ಮೊದಲ ಹೆಜ್ಜೆ ಇಡೀ ಮನೆಯಲ್ಲ, ಅಡುಗೆಮನೆಯ ಸಿಂಕ್ ಒಂದೇ. ಅದನ್ನು ಹೊಳೆಯುವಂತೆ ಉಜ್ಜಿ, ದಿನವೂ ಹಾಗೆಯೇ ಉಳಿಸಿಕೊಳ್ಳುವುದು ರೂಢಿಯಾದ ಮೇಲೆ ಮುಂದಿನದು ಸೇರುತ್ತದೆ. ಗಡಿಯಾರಕ್ಕೆ 15 ನಿಮಿಷ ಇಟ್ಟು, ಅದು ಬಡಿದಾಗ ಕೈಬಿಡುವುದು ಇದರ ಇನ್ನೊಂದು ನಿಯಮ.

ಅವಧಿಯ ನಿರ್ಧಾರ

ಯಾವ ಕೆಲಸ ಎಷ್ಟು ದಿನಕ್ಕೊಮ್ಮೆ ಎಂಬುದನ್ನು ಕೊಳೆಯ ಸ್ವಭಾವ ತೀರ್ಮಾನಿಸುತ್ತದೆ. ಮುಸುರೆಯೂ ಹಸಿಕಸವೂ ರಾತ್ರಿ ಉಳಿದರೆ ಜಿರಳೆಗೆ ಔತಣ; ಅವು ದಿನದಿನದ ಕೆಲಸ. ಕೊಳವೆಬಾವಿಯ ಗಡಸು ನೀರು ಒಣಗಿದಾಗ ನಲ್ಲಿ, ಟೈಲ್ಸ್, ಬಕೆಟ್ಟಿನ ಮೇಲೆ ಸುಣ್ಣದ ಪದರ ಕಟ್ಟುತ್ತದೆ. ಸ್ನಾನವಾದ ಕೂಡಲೇ ನೀರು ಎಳೆದು ಒರೆಸಿದರೆ ಪದರ ಬೆಳೆಯದು. ಬೆಳೆದ ಮೇಲೆ ನಿಂಬೆರಸ ಅಥವಾ ವಿನೆಗರ್ ಹಚ್ಚಿ ನೆನೆಸಬೇಕಾಗುತ್ತದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಬೆಚ್ಚನೆಯ ಹವೆಯಲ್ಲಿ ಮೊಟ್ಟೆಯಿಂದ ರೆಕ್ಕೆಯ ಹಂತಕ್ಕೆ ಬರಲು ಸುಮಾರು 7ರಿಂದ 10 ದಿನ ಬೇಕು. ಆದ್ದರಿಂದಲೇ ಡ್ರಮ್ಮು, ತೊಟ್ಟಿ, ಹೂಕುಂಡದ ತಟ್ಟೆಗಳನ್ನು ವಾರಕ್ಕೊಮ್ಮೆ ಬರಿದುಮಾಡುವ ಸಲಹೆ. ಮೊಟ್ಟೆಗಳು ನೀರಿನಂಚಿಗೆ ಗೋಡೆಗೇ ಅಂಟಿಕೊಂಡು, ಒಣಗಿದರೂ ತಿಂಗಳುಗಟ್ಟಲೆ ಬದುಕುವುದರಿಂದ ನೀರು ಚೆಲ್ಲಿದರಷ್ಟೇ ಸಾಲದು, ಒಳಬದಿಯನ್ನು ಉಜ್ಜಬೇಕು. ಫ್ಯಾನು, ಅಟ್ಟ, ಕಿಟಕಿ ಸರಳುಗಳು ತಿಂಗಳ ಸರದಿಗೆ ಸಾಕು. ಧೂಳು ಕೆಳಗಿಳಿಯುವುದರಿಂದ ಮೊದಲು ಚಾವಣಿ, ಕೊನೆಗೆ ನೆಲ.

ಆತುರದಲ್ಲಿ ಎರಡು ದ್ರಾವಣಗಳನ್ನು ಬೆರೆಸುವುದು ಅಪಾಯಕಾರಿ. ಬ್ಲೀಚಿಂಗ್ ದ್ರಾವಣಕ್ಕೆ ಆಮ್ಲವಿರುವ ಶೌಚಾಲಯ ಕ್ಲೀನರ್ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ.

ಕೆಲಸದ ಹಂಚಿಕೆ

ಭಾರತದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ, ಪುರುಷರು 97 ನಿಮಿಷ ಕೊಡುತ್ತಿದ್ದರು. ಅಡುಗೆಯೂ ಈ ಲೆಕ್ಕದಲ್ಲಿದೆ. ಹಳೆಯ ಕ್ರಮ ಸಲೀಸಾಗಿ ಸಾಗಿದ್ದರ ಹಿಂದೆ ಬಹುಮಟ್ಟಿಗೆ ಹೆಂಗಸರ ದುಡಿಮೆ, ಅವರ ನೆನಪು ಎರಡೂ ಇದ್ದವು. ಒಬ್ಬರ ತಲೆಯಲ್ಲಷ್ಟೇ ಇರುವ ದಿನಚರಿ ಅವರು ಹಾಸಿಗೆ ಹಿಡಿದ ದಿನವೇ ನಿಲ್ಲುತ್ತದೆ. ‘ತಟ್ಟೆ ಎತ್ತಿದವರು ಮೇಜು ಒರೆಸುವುದು’, ‘ಕೊನೆಗೆ ಸ್ನಾನ ಮಾಡಿದವರು ನೀರು ಎಳೆಯುವುದು’ ಎಂದು ಕೆಲಸವನ್ನು ವ್ಯಕ್ತಿಗಲ್ಲದೆ ಸಂದರ್ಭಕ್ಕೆ ಕಟ್ಟಿದರೆ ಅದು ಮಕ್ಕಳಿಗೂ ಗಂಡಸರಿಗೂ ಸಹಜವಾಗಿ ಹಂಚಿಹೋಗುತ್ತದೆ.