ಮೆಷಿನ್ನಾ, ಆಪರೇಷನ್ನಾ? ಜಾಗ ಬದಲಿಸುತ್ತಲೇ ಇರುವ ಒಂದು ಗೆರೆಯ ಕಥೆ

ಇವತ್ತಿನ ಸಂಚಿಕೆ ಒಂದು ಪ್ರಶ್ನೆಯ ಚರಿತ್ರೆ. ಮಗುವಿಗೆ ಕಿವಿ ಕೇಳಿಸ್ತಿಲ್ಲ ಅಂತ ಗೊತ್ತಾದ ಮನೆಯಲ್ಲಿ, ಇಲ್ಲಾ ಅಜ್ಜನಿಗೆ ಫೋನಲ್ಲಿ ಮಾತಾಡೋಕೆ ಆಗ್ತಿಲ್ಲ ಅನ್ನೋ ಮನೆಯಲ್ಲಿ ಬರುವ ಪ್ರಶ್ನೆ: ಮೆಷಿನ್ ಹಾಕಿಸೋದಾ, ಆಪರೇಷನ್ ಮಾಡಿಸೋದಾ? ಮೆಷಿನ್ ಅಂದ್ರೆ ಹಿಯರಿಂಗ್ ಏಡ್. ಆಪರೇಷನ್ ಅಂದ್ರೆ ಕಾಕ್ಲಿಯರ್ ಇಂಪ್ಲಾಂಟ್. ತುಂಬಾ ಜನ ಇದನ್ನ ಮೊಬೈಲ್ ಆರಿಸೋ ಹಾಗೆ ನೋಡ್ತಾರೆ. ಒಂದು ಬಜೆಟ್ ಮಾಡೆಲ್, ಇನ್ನೊಂದು ಪ್ರೀಮಿಯಂ. ನನಗೆ ಈ ಲೆಕ್ಕವೇ ಸರಿ ಕಾಣಲ್ಲ. ಎರಡರ ಕೆಲಸವೇ ಬೇರೆ. ಯಾರಿಗೆ ಯಾವುದು ಅಂತ ಹೇಳುವ ಗೆರೆ ಕಳೆದ 40 ವರ್ಷದಲ್ಲಿ ಎಷ್ಟೋ ಸಲ ಜಾಗ ಬದಲಿಸಿದೆ. ಹತ್ತು ವರ್ಷದ ಹಿಂದೆ ಡಾಕ್ಟರ್ ‘ಬೇಡ’ ಅಂದಿದ್ದಕ್ಕೆ ಇವತ್ತು ‘ಮಾಡಿಸಬಹುದು’ ಅನ್ನಬಹುದು. ಇದು ಗೊತ್ತಿಲ್ಲದೆ ವರ್ಷಗಟ್ಟಲೆ ಕಾದು ಕೂತವರಿದ್ದಾರೆ.

ಮೊದಲು ಕಿವಿಯ ಒಳಗೆ ಹೋಗೋಣ. ಅಲ್ಲಿ ಬಸವನಹುಳುವಿನ ಚಿಪ್ಪಿನ ಆಕಾರದ ಪುಟ್ಟ ಅಂಗ ಇದೆ, ಹೆಸರು ಕಾಕ್ಲಿಯಾ. ಅದರೊಳಗೆ ಸುಮಾರು 15,000 ರೋಮಕೋಶಗಳು. ಇವು ಸದ್ದಿನ ಅಲುಗಾಟವನ್ನ ನರಕ್ಕೆ ಅರ್ಥವಾಗುವ ವಿದ್ಯುತ್ ಸಂಕೇತ ಮಾಡಿ ಕಳಿಸ್ತವೆ. ಹುಟ್ಟಿನಿಂದಲೋ ಕಾಯಿಲೆಯಿಂದಲೋ ವಯಸ್ಸಿನಿಂದಲೋ ಹಾಳಾದ ರೋಮಕೋಶ ಮನುಷ್ಯರಲ್ಲಿ ಮತ್ತೆ ಬೆಳೆಯಲ್ಲ. ಹಿಯರಿಂಗ್ ಏಡ್ ಸದ್ದನ್ನ ದೊಡ್ಡದು ಮಾಡಿ ಉಳಿದಿರುವ ರೋಮಕೋಶಗಳಿಗೆ ಒಪ್ಪಿಸತ್ತೆ. ಕೆಲಸಗಾರರು ಸ್ವಲ್ಪ ಜನ ಇದ್ದರೂ ಅಂಗಡಿ ನಡೆಯತ್ತೆ. ಯಾರೂ ಇಲ್ಲದಿದ್ದರೆ ಎಷ್ಟು ಜೋರಾಗಿ ಕೂಗಿದರೂ ಕೌಂಟರ್‌ಗೆ ಯಾರು ಬರ್ತಾರೆ? ಅದಕ್ಕೇ ಕೆಲವರು ‘ಸದ್ದು ಕೇಳತ್ತೆ, ಮಾತು ತಿಳಿಯಲ್ಲ’ ಅಂತಾರೆ. ಈ ಇಡೀ ಕಥೆ ಆ ಒಂದು ದೂರಿನ ಸುತ್ತ ಇದೆ.

ಹಿಯರಿಂಗ್ ಏಡ್‌ನ ಚರಿತ್ರೆಯನ್ನ ಬೇಗ ಹೇಳಿಬಿಡ್ತೀನಿ. ಮೊದಲು ಕಹಳೆಯಂಥ ಕೊಳವೆ ಇತ್ತು, ಬೀಥೋವನ್ ಕೂಡ ಬಳಸಿದ್ದ. ಆಮೇಲೆ ವ್ಯಾಕ್ಯೂಮ್ ಟ್ಯೂಬ್ ಇದ್ದ ಭಾರದ ಪೆಟ್ಟಿಗೆಗಳು ಬಂದವು. ದೊಡ್ಡ ತಿರುವು ಅಂದ್ರೆ ಟ್ರಾನ್ಸಿಸ್ಟರ್. ಟ್ರಾನ್ಸಿಸ್ಟರ್ ಅಂದ ಕೂಡಲೇ ನಮ್ಮ ಮನೆಗಳ ಹಿರಿಯರಿಗೆ ರೇಡಿಯೋ ನೆನಪಾಗತ್ತೆ. ಆದರೆ ರೇಡಿಯೋಗಿಂತ ಮೊದಲು, 1952ರ ಕೊನೆಗೆ, ಅದು ಜನರ ಕೈಗೆ ಬಂದಿದ್ದು ಹಿಯರಿಂಗ್ ಏಡ್ ಒಳಗೆ ಕೂತು. ಟ್ರಾನ್ಸಿಸ್ಟರ್ ಕಂಡುಹಿಡಿದ ಬೆಲ್ ಲ್ಯಾಬ್ಸ್, ಹಿಯರಿಂಗ್ ಏಡ್ ಮಾಡುವವರಿಂದ ರಾಯಲ್ಟಿ ತಗೊಳ್ಳಲಿಲ್ಲ. ಕಿವುಡ ಮಕ್ಕಳ ಮೇಷ್ಟ್ರಾಗಿದ್ದ ಅಲೆಕ್ಸಾಂಡರ್ ಗ್ರಹಾಂ ಬೆಲ್ ನೆನಪಿಗೆ ಕೊಟ್ಟ ವಿನಾಯಿತಿ ಅದು. 1990ರ ದಶಕದ ನಡುವೆ ಪೂರ್ತಿ ಡಿಜಿಟಲ್ ಏಡ್‌ಗಳು ಬಂದವು. ಎಷ್ಟೇ ಜಾಣ ಆದ್ರೂ ಉಳಿದ ರೋಮಕೋಶಗಳನ್ನ ನಂಬಿಕೊಂಡೇ ಅದು ಕೆಲಸ ಮಾಡಬೇಕು.

ಹಾಗಾದ್ರೆ ರೋಮಕೋಶಗಳನ್ನ ಬಿಟ್ಟು ನೇರವಾಗಿ ನರಕ್ಕೇ ಕರೆಂಟ್ ಕೊಟ್ಟರೆ? ಬ್ಯಾಟರಿ ಕಂಡುಹಿಡಿದ ಇಟಲಿಯ ವೋಲ್ಟಾ ಇದನ್ನ ತನ್ನ ಮೇಲೇ ಪ್ರಯೋಗ ಮಾಡಿಕೊಂಡ. ಎರಡೂ ಕಿವಿಗೆ ಲೋಹದ ಕಡ್ಡಿ ಇಟ್ಟು ಬ್ಯಾಟರಿಗೆ ಜೋಡಿಸಿದಾಗ ತಲೆಗೆ ಏಟು ಬಿದ್ದ ಹಾಗಾಯ್ತು, ಗಟ್ಟಿ ಸಾರು ಕೊತಕೊತ ಕುದಿಯುವಂಥ ಸದ್ದು ಕೇಳಿಸ್ತು ಅಂತ 1800ರಲ್ಲಿ ವರದಿ ಮಾಡಿದ. (ದಯವಿಟ್ಟು ಮನೆಯಲ್ಲಿ ಮಾಡಬೇಡಿ.)

ಆಮೇಲೆ 1957ರಲ್ಲಿ ಪ್ಯಾರಿಸ್‌ನಲ್ಲಿ ಜೂರ್ನೋ ಮತ್ತು ಎರಿಯೆಸ್ ಅನ್ನೋ ಇಬ್ಬರು, ಪೂರ್ತಿ ಕಿವುಡಾಗಿದ್ದ ಒಬ್ಬ ರೋಗಿಯ ಶ್ರವಣ ನರದ ಹತ್ತಿರ ತಂತಿ ಇಟ್ಟರು. ರೋಗಿಗೆ ಮಾತಿನ ಲಯ ಗೊತ್ತಾಗ್ತಿತ್ತು, ಆದರೆ ಯಂತ್ರ ಬೇಗ ಕೆಟ್ಟಿತು. ಆ ಸುದ್ದಿಯ ಪತ್ರಿಕಾ ತುಣುಕನ್ನ ಲಾಸ್ ಏಂಜಲಿಸ್‌ನ ಡಾ. ವಿಲಿಯಂ ಹೌಸ್‌ಗೆ ತಂದುಕೊಟ್ಟಿದ್ದು ಒಬ್ಬ ರೋಗಿ. ಹೌಸ್ 1961ರಲ್ಲಿ ಮೊದಲ ಆಪರೇಷನ್‌ಗಳನ್ನ ಮಾಡಿದರು. ಒಳಗಿಟ್ಟ ವಸ್ತು ದೇಹಕ್ಕೆ ಒಗ್ಗದೆ ತೆಗೀಬೇಕಾಯ್ತು. ಛಲ ಬಿಡದೆ ಎಂಜಿನಿಯರ್ ಜ್ಯಾಕ್ ಅರ್ಬನ್ ಜೊತೆ ಸೇರಿ 1972ರ ಹೊತ್ತಿಗೆ ಮೈಮೇಲೆ ಹಾಕಿಕೊಂಡು ಮನೆಗೆ ಹೋಗಬಹುದಾದ ಯಂತ್ರ ಮಾಡಿದರು. ಒಳಗೆ ಇದ್ದಿದ್ದು ಒಂದೇ ಎಲೆಕ್ಟ್ರೋಡ್.

ದೊಡ್ಡ ವಿಜ್ಞಾನಿಗಳು ಇದನ್ನ ಒಪ್ಪಲಿಲ್ಲ. ಶ್ರವಣ ನರದಲ್ಲಿ ಸುಮಾರು 30,000 ಎಳೆಗಳಿವೆ, ಒಂದು ತಂತಿಯಿಂದ ಏನಾಗತ್ತೆ ಅಂತ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಅಮೆರಿಕ ಸರ್ಕಾರ ಮಾಡಿದ ಕೆಲಸ ಕಾಮರ್ಸ್ ಓದಿದ ನನಗೆ ಬಹಳ ಇಷ್ಟ: ಹೊರಗಿನ ಆಡಿಟ್. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ರಾಬರ್ಟ್ ಬಿಲ್ಗರ್ ತಂಡ ಇಂಪ್ಲಾಂಟ್ ಆಗಿದ್ದ 13 ಜನರನ್ನ ಪರೀಕ್ಷೆ ಮಾಡಿ 1977ರಲ್ಲಿ ವರದಿ ಕೊಟ್ಟಿತು. ಬರೀ ಇಂಪ್ಲಾಂಟ್‌ನಿಂದ ಇವರಿಗೆ ಮಾತು ಅರ್ಥ ಆಗಲ್ಲ. ಆದರೆ ತುಟಿ ನೋಡಿ ಮಾತು ಹಿಡಿಯೋದು ಸುಲಭ ಆಗಿದೆ, ಸುತ್ತಲಿನ ಸದ್ದು ತಿಳಿಯತ್ತೆ, ಬದುಕು ಸುಧಾರಿಸಿದೆ. ಆ ವರದಿಯ ನಂತರ ಇದನ್ನ ತಮಾಷೆ ಅಂತ ತಳ್ಳಿಹಾಕೋಕೆ ಆಗಲಿಲ್ಲ.

ಅದೇ ವರ್ಷ ಆಸ್ಟ್ರೇಲಿಯಾದಲ್ಲಿ ಗ್ರೇಮ್ ಕ್ಲಾರ್ಕ್ ಬೇರೆ ತಲೆನೋವಿನಲ್ಲಿದ್ದರು. ಅವರ ಅಪ್ಪ ಔಷಧಿ ಅಂಗಡಿ ನಡೆಸ್ತಿದ್ದರು, ಕಿವಿ ಮಂದ. ಗಿರಾಕಿಗಳು ತಮ್ಮ ಖಾಸಗಿ ಕಾಯಿಲೆಯನ್ನೂ ಜೋರಾಗಿ ಹೇಳಬೇಕಿತ್ತು, ಊಹಿಸಿಕೊಳ್ಳಿ. ಕ್ಲಾರ್ಕ್‌ಗೆ ಒಂದು ತಂತಿ ಸಾಲಲ್ಲ ಅಂತ ಖಚಿತ ಇತ್ತು. ಕಾಕ್ಲಿಯಾದ ಒಂದೊಂದು ಜಾಗ ಒಂದೊಂದು ಸ್ವರಕ್ಕೆ. ಬುಡದಲ್ಲಿ ತಾರಕ, ತುದಿಯಲ್ಲಿ ಮಂದ್ರ. ಹಾಗಾಗಿ ತುಂಬಾ ಎಲೆಕ್ಟ್ರೋಡ್ ಇರುವ ಎಳೆಯನ್ನ ಸುರುಳಿಯೊಳಗೆ ದೂರದವರೆಗೆ ಕಳಿಸಬೇಕು. ಆದರೆ ಹೇಗೆ ತೂರಿಸಿದರೂ ಸಿಕ್ಕಿಕೊಳ್ತಿತ್ತು. 1977ರಲ್ಲಿ ಮಿನ್ನಮರ್ರಾ ಕಡಲ ತೀರದಲ್ಲಿ ಒಂದು ಶಂಖದ ಚಿಪ್ಪಿನೊಳಗೆ ಹುಲ್ಲಿನ ಎಸಳು ತೂರಿಸಿ ನೋಡಿದರು. ಬುಡ ಗಟ್ಟಿ, ತುದಿ ಮೆತ್ತಗೆ ಇದ್ದ ಎಸಳು ಸುರುಳಿ ಹಿಡಿದು ಒಳಗೆ ಹೋಯ್ತು. ಎಲೆಕ್ಟ್ರೋಡ್ ಎಳೆಯನ್ನೂ ಹಾಗೇ ಮಾಡಿಸಿದರು. 1978ರ ಆಗಸ್ಟ್ 1ರಂದು ಮೆಲ್ಬರ್ನ್‌ನಲ್ಲಿ ರಾಡ್ ಸಾಂಡರ್ಸ್ ಅನ್ನುವವರಿಗೆ ಅದನ್ನ ಹಾಕಿದರು. ಪರೀಕ್ಷೆಯಲ್ಲಿ ರಾಷ್ಟ್ರಗೀತೆಯ ರಾಗ ಕೇಳಿಸಿದಾಗ ಸಾಂಡರ್ಸ್ ಎದ್ದು ನೇರವಾಗಿ ನಿಂತುಬಿಟ್ಟರು. ವಿಯೆನ್ನಾದಲ್ಲಿ ಹೋಖ್‌ಮೈರ್ ದಂಪತಿಯ ತಂಡ 1977ರ ಡಿಸೆಂಬರ್‌ನಲ್ಲೇ ಇಂಥ ಬಹು ಎಲೆಕ್ಟ್ರೋಡ್ ಇಂಪ್ಲಾಂಟ್ ಹಾಕಿತ್ತು. ಅವರಿಗೂ ಪಾಲು ಸಲ್ಲಬೇಕು.

ಈಗ ಗೆರೆಯ ವಿಷಯ. 1984ರಲ್ಲಿ ಅಮೆರಿಕದ ಎಫ್‌ಡಿಎ ಹೌಸ್ ಅವರ ಇಂಪ್ಲಾಂಟ್‌ಗೆ ಒಪ್ಪಿಗೆ ಕೊಟ್ಟಾಗ ಅದು ದೊಡ್ಡವರಿಗೆ ಮಾತ್ರ, ಅದೂ ಹಿಯರಿಂಗ್ ಏಡ್‌ನಿಂದ ಏನೂ ಉಪಯೋಗ ಇಲ್ಲದವರಿಗೆ. ಕಾರಣ ಇತ್ತು. ಆಪರೇಷನ್ ಆದ ಕಿವಿಯಲ್ಲಿ ಅಳಿದುಳಿದ ಕೇಳುವ ಶಕ್ತಿಯೂ ಹೋಗಿಬಿಡುವ ಭಯ. ಆದರೆ ಬಹು ಎಲೆಕ್ಟ್ರೋಡ್ ಯಂತ್ರಗಳು ಬಂದು, 1991ರಲ್ಲಿ ಬ್ಲೇಕ್ ವಿಲ್ಸನ್ ತಂಡ ಸದ್ದನ್ನ ಸಂಕೇತ ಮಾಡುವ ಹೊಸ ವಿಧಾನ ಪ್ರಕಟಿಸಿದ ಮೇಲೆ, ತುಟಿ ನೋಡದೆ ಫೋನಲ್ಲಿ ಮಾತಾಡುವವರು ಹೆಚ್ಚಾದರು. ಆಗ ಪ್ರಶ್ನೆ ತಿರುಗಿತು: ಒಳ್ಳೆ ಹಿಯರಿಂಗ್ ಏಡ್ ಹಾಕಿಕೊಂಡೂ ಅರ್ಧ ಮಾತು ಮಾತ್ರ ಹಿಡಿಯುವವರು ಯಾಕೆ ಕಾಯಬೇಕು? ಅಮೆರಿಕದ ಮೆಡಿಕೇರ್ ವಿಮೆಯ ನಿಯಮ ನೋಡಿ. 2022ರ ತನಕ ಏಡ್ ಹಾಕಿಕೊಂಡು ವಾಕ್ಯ ಪರೀಕ್ಷೆಯಲ್ಲಿ 40 ಶೇಕಡಾಕ್ಕಿಂತ ಹೆಚ್ಚು ಅಂಕ ತೆಗೆದರೆ ಇಂಪ್ಲಾಂಟ್‌ಗೆ ಹಣ ಇಲ್ಲ. ಆ ವರ್ಷ ಮಿತಿ 60 ಆಯ್ತು. 50 ಅಂಕದವರ ಕಿವಿ ಬದಲಾಗಲಿಲ್ಲ, ಆದರೆ ಗೆರೆ ಅವರನ್ನ ದಾಟಿ ಹೋಯ್ತು.

ಮಕ್ಕಳ ಕಥೆಯಲ್ಲಿ ಗೆರೆ ಅಂದ್ರೆ ವಯಸ್ಸು. 1990ರಲ್ಲಿ 2 ವರ್ಷ, 2000ದಲ್ಲಿ 12 ತಿಂಗಳು, 2020ರಲ್ಲಿ 9 ತಿಂಗಳು. ಯಾಕೆ ಇಷ್ಟು ಅವಸರ? ಮಾತು ಕಲಿಯುವ ಮಿದುಳಿಗೆ ಮೊದಲ ಕೆಲವು ವರ್ಷಗಳಲ್ಲಿ ಸದ್ದು ಸಿಗದಿದ್ದರೆ ಆಮೇಲೆ ಯಂತ್ರ ಹಾಕಿದರೂ ಪೂರ್ತಿ ಫಲ ಸಿಗೋದು ಕಷ್ಟ. ಅದಕ್ಕೇ ಮಕ್ಕಳಿಗೆ ಮೊದಲು ಕೆಲವು ತಿಂಗಳು ಹಿಯರಿಂಗ್ ಏಡ್ ಹಾಕಿ ನೋಡ್ತಾರೆ. ಅದು ಕಾಲಹರಣ ಅಲ್ಲ, ಪರೀಕ್ಷೆ. ಆದರೆ ಆ ಪರೀಕ್ಷೆ ಮುಗಿದ ಮೇಲೂ ‘ಇನ್ನೂ ನೋಡೋಣ’ ಅಂತ ವರ್ಷ ಕಳೆದರೆ ಕಾಲಹರಣವೇ.

ಇದಕ್ಕೆ ಗಟ್ಟಿ ವಿರೋಧವೂ ಬಂತು, ಅದೂ ಕಿವುಡ ಸಮುದಾಯದಿಂದಲೇ. ಅಮೆರಿಕದ ಕಿವುಡರ ರಾಷ್ಟ್ರೀಯ ಸಂಘ 1991ರಲ್ಲಿ ಮಕ್ಕಳ ಇಂಪ್ಲಾಂಟ್ ಒಪ್ಪಿಗೆಯನ್ನ ಖಂಡಿಸಿತು. ನಮಗೆ ಸನ್ನೆ ಭಾಷೆ ಇದೆ, ನಮ್ಮದೇ ಬದುಕಿದೆ, ಮಗುವಿನ ಪರವಾಗಿ ನೀವು ತೀರ್ಮಾನ ಮಾಡ್ತಿದ್ದೀರಿ ಅನ್ನೋದು ವಾದ. 2000ದಲ್ಲಿ ಸಂಘ ನಿಲುವು ಸಡಿಲಿಸಿ, ಇಂಪ್ಲಾಂಟನ್ನ ಹಲವು ದಾರಿಗಳಲ್ಲಿ ಒಂದು ಅಂತ ಒಪ್ಪಿತು. ಅವರ ಮಾತಲ್ಲಿ ಒಂದನ್ನ ನಾನು ಪೂರ್ತಿ ಒಪ್ತೀನಿ: ಇಂಪ್ಲಾಂಟ್ ಹಾಕಿಸಿದ ಮಗುವಿಗೂ ಸನ್ನೆ ಭಾಷೆ ಕಲಿಸಬಾರದು ಅನ್ನೋದಕ್ಕೆ ಕಾರಣ ಇಲ್ಲ. ಯಂತ್ರ ತೆಗೆದಿಟ್ಟು ಮಲಗುವ ರಾತ್ರಿಯಲ್ಲೂ ಮಗು ಮಾತಾಡಬೇಕಲ್ವಾ.

ಇನ್ನು ನಮ್ಮ ಕಡೆ ಬರೋಣ. ಮೈಸೂರಿನ ಮಾನಸಗಂಗೋತ್ರಿಯ ಆಯಿಷ್, ಅಂದ್ರೆ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಶುರುವಾಗಿದ್ದು 1965ರಲ್ಲಿ, ಎಫ್‌ಡಿಎ ಮೊದಲ ಒಪ್ಪಿಗೆಗೂ ಸುಮಾರು 20 ವರ್ಷ ಮುಂಚೆ. ನಮ್ಮಲ್ಲಿ ಗೆರೆ ಎಳೆಯುವುದು ಬಹಳ ಸಲ ಹಣ. ಕೇಂದ್ರದ ಅಡಿಪ್ ಯೋಜನೆಯಲ್ಲಿ 2014ರ ನಿಯಮದ ಪ್ರಕಾರ ವರ್ಷಕ್ಕೆ 500 ಮಕ್ಕಳಿಗೆ, ಒಬ್ಬರಿಗೆ 6 ಲಕ್ಷ ರೂಪಾಯಿವರೆಗೆ ಇಂಪ್ಲಾಂಟ್ ಇತ್ತು. ಹುಟ್ಟಿನಿಂದ ಕೇಳಿಸದ ಮಕ್ಕಳಿಗೆ ಆ ನಿಯಮದಲ್ಲಿ 5 ವರ್ಷದ ವಯೋಮಿತಿ ಇತ್ತು.

ಬೆಲೆಯ ಬಗ್ಗೆ ಜನ ಕೇಳುವ ಪ್ರಶ್ನೆ ‘ಆಪರೇಷನ್‌ಗೆ ಎಷ್ಟು?’ ನಾನಾದರೆ ಮುಂದಿನ 30 ವರ್ಷದ ಖರ್ಚು ಕೇಳ್ತೀನಿ. ಹಿಯರಿಂಗ್ ಏಡ್ ಇಷ್ಟ ಆಗದಿದ್ದರೆ ಬೇರೆ ಕಂಪನಿಯದ್ದು ತಗೋಬಹುದು. ಇಂಪ್ಲಾಂಟ್‌ನಲ್ಲಿ ಚರ್ಮದ ಕೆಳಗಿನ ಭಾಗ ಯಾವ ಕಂಪನಿಯದ್ದೋ, ಕಿವಿ ಹಿಂದಿನ ಪ್ರೊಸೆಸರ್ ಕೂಡ ಅದೇ ಕಂಪನಿಯದ್ದಾಗಬೇಕು. ಪ್ರೊಸೆಸರ್ ಹಳೆಯದಾಗತ್ತೆ, ಕೇಬಲ್ ಹೋಗತ್ತೆ, ಬ್ಯಾಟರಿ ಸವೆಯತ್ತೆ. ಹೌಸ್ ಅವರ ಇಂಪ್ಲಾಂಟ್ ತಯಾರಿಸ್ತಿದ್ದ 3ಎಂ ಅಷ್ಟು ದೊಡ್ಡ ಕಂಪನಿ, ಅದೂ 1980ರ ದಶಕದ ಕೊನೆಗೆ ಈ ವ್ಯಾಪಾರದಿಂದ ಹೊರಗೆ ಹೋಯ್ತು. ಯಂತ್ರ ಮಾತ್ರ ಜನರ ತಲೆಯೊಳಗೇ ಉಳಿದಿತ್ತು. ಹಾಗಾಗಿ ಸಹಿ ಹಾಕುವ ಮೊದಲು ಬಿಡಿಭಾಗ, ರಿಪೇರಿ, ಹಳೇ ಮಾಡೆಲ್‌ಗೆ ಎಷ್ಟು ವರ್ಷ ಸರ್ವೀಸ್, ಆಪರೇಷನ್ ನಂತರದ ವಾಕ್ ಥೆರಪಿ ನಿಮ್ಮ ಊರಿಗೆ ಹತ್ತಿರ ಎಲ್ಲಿ ಸಿಗತ್ತೆ, ಇಷ್ಟನ್ನೂ ಬರೆದುಕೊಂಡು ಹೋಗಿ ಕೇಳಿ.

‘ಇದಾ ಅದಾ’ ಅನ್ನೋದು ಈಗ ಅಷ್ಟು ಕಟ್ಟುನಿಟ್ಟಾಗಿಯೂ ಉಳಿದಿಲ್ಲ. ಒಂದು ಕಿವಿಗೆ ಇಂಪ್ಲಾಂಟ್, ಇನ್ನೊಂದಕ್ಕೆ ಹಿಯರಿಂಗ್ ಏಡ್ ಹಾಕಿಕೊಂಡವರು ತುಂಬಾ ಜನ. 2014ರಲ್ಲಿ ಎಫ್‌ಡಿಎ ಒಪ್ಪಿದ ಹೈಬ್ರಿಡ್ ಸಾಧನದಲ್ಲಿ ಒಂದೇ ಕಿವಿಯಲ್ಲಿ ಎರಡೂ ಕೆಲಸ: ಮಂದ್ರಕ್ಕೆ ಏಡ್, ತಾರಕಕ್ಕೆ ಇಂಪ್ಲಾಂಟ್.

ಮುಂದಿನ ಸಂಚಿಕೆ ಸನ್ನೆ ಭಾಷೆಯದ್ದು. 1880ರಲ್ಲಿ ಮಿಲಾನ್‌ನಲ್ಲಿ ಸೇರಿದ ಮೇಷ್ಟ್ರುಗಳು ಅದನ್ನ ಶಾಲೆಗಳಿಂದ ಹೊರಗೆ ಹಾಕೋ ನಿರ್ಣಯ ಮಾಡಿದರು. ಆ ಕಥೆ ಹೇಳ್ತೀನಿ. ಕಿವಿ ಕೇಳಿಸದ ಸ್ನೇಹಿತರಿದ್ದರೆ ಈ ಬರಹದ ಲಿಂಕ್ ಕಳಿಸಿ, ಆಡಿಯೋ ಅಲ್ಲ.